ಬೆಂಚಿಗೊಂದು ಪೂರ್ಣ ವಾಕ್ಯ

ಜೂನ್ ೩

ಮೇಷ್ಟ್ರೇ,

ಆಮೇಲೆ ಆ ಬಾಲದ ವಿಷಯ. ನಿನ್ನೆಯ ಕಾಗದವನ್ನು ಸಿಟ್ಟಿನಲ್ಲಿ ಅರ್ಧಕ್ಕೇ ಅಂಟಿಸಿ ಡಬ್ಬಕ್ಕೆ ಹಾಕಿಬಿಟ್ಟೆ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. 'ಎ ವುಮನ್ ಹೂ ನೆವರ್ ಲೆಟ್ ಎನಿಬಡಿ ಸ್ಟ್ಯಾಂಡ್.' ಯಾರನ್ನೂ ನಿಲ್ಲಲು ಬಿಡದ ಹೆಂಗಸು. ಇದರಲ್ಲಿ ನಿನಗೆ ಯಾವ ಕೊರತೆ ಕಾಣಿಸಿತು? 'ಇದು ವಾಕ್ಯವಲ್ಲ, ಬಾಲ ಬೆಳೆದ ನಾಮಪದ' ಎಂದು ಕೆಂಪು ಶಾಯಿಯಲ್ಲಿ ಗೀಚಿ ಆಸ್ಪತ್ರೆಯ ಆಫೀಸಿಗೆ ವಾಪಸು ಕಳಿಸಿದ್ದೀಯ. ಹೆಡ್‌ಕ್ಲರ್ಕು ಅದನ್ನು ನನ್ನ ಕೈಗಿಟ್ಟು, "ಯಾಕ್ ಸಾರ್, ನಿಮ್ಮ ಭಾವಮೈದನೇ ಫೇಲ್ ಮಾಡಿಬಿಟ್ರಲ್ಲ!" ಎಂದು ಹಲ್ಲು ಕಿರಿದ. ಅವನ ಹಿಂದೆ ಕೂತಿದ್ದ ಟೈಪಿಸ್ಟೂ ನಕ್ಕಳು.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಮೊದಲಿಂದ ಹೇಳುತ್ತೇನೆ, ಮೊದಲಿಂದ ಶುರುಮಾಡದೆ ನನಗೆ ಏನೂ ಹೇಳಲು ಬರುವುದಿಲ್ಲ. ನಿನ್ನ ಅಕ್ಕ ಆ ಆಸ್ಪತ್ರೆಯ ಟೋಕನ್ ಕೌಂಟರಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು. ಹೊರರೋಗಿಗಳು ಕಾಯುವ ಅಂಗಳದಲ್ಲಿ ಅವಳ ನೆನಪಿಗೆ ಒಂದು ಬೆಂಚು ಹಾಕಲು ಆಫೀಸು ಒಪ್ಪಿದೆ. ಬೆನ್ನಿನ ಹಲಗೆಗೆ ಹಿತ್ತಾಳೆಯ ತಗಡು. ಅದರ ಮೇಲೆ ಹೆಸರು ಹಾಕುವಂತಿಲ್ಲ. ಹಿಂದೆ ಇಬ್ಬರು ದೊಡ್ಡ ಮನುಷ್ಯರು ತಮ್ಮ ತಮ್ಮ ಅಪ್ಪಂದಿರ ಹೆಸರಿನ ಅಕ್ಷರ ಯಾವುದು ದಪ್ಪ ಎಂದು ಆ ಅಂಗಳದಲ್ಲೇ ಕೊರಳಪಟ್ಟಿ ಹಿಡಿದುಕೊಂಡಿದ್ದರಂತೆ. ಅವತ್ತಿನಿಂದ ಹೆಸರು, ತಾರೀಖು, ಪದವಿ ಎಲ್ಲ ಬಂದ್. ಒಂದೇ ಒಂದು ಪೂರ್ಣ ಇಂಗ್ಲಿಷ್ ವಾಕ್ಯ. ಜುಲೈ ಮುಗಿಯುವುದರೊಳಗೆ ಕೊಡದಿದ್ದರೆ ಬೆಂಚು ಬೇರೆಯವರ ಪಾಲು. ಅದು ಪೂರ್ಣವೋ ಅಪೂರ್ಣವೋ ಹೇಳಲು ಯಾರು? ಸೂಪರಿಂಟೆಂಡೆಂಟ್ ಸಾಹೇಬರಿಗೆ ಇಂಗ್ಲಿಷ್ ಕಲಿಸಿದ ಗುರುಗಳು. ಅಂದರೆ ನೀನು. ಕಳ್ಳನ ಕೈಗೇ ಬೀಗದ ಕೈ.

ನಾನೂ ಕಾಲೇಜಿಗೆ ಎರಡು ವರ್ಷ ಮಣ್ಣು ಹೊತ್ತವನೇ. ನಮಗೊಬ್ಬ ಪ್ರೊಫೆಸರ್ ಇದ್ದರು, ಪ್ರತಿ ವಾಕ್ಯದ ಕೊನೆಗೆ ಮೇಜು ಕುಟ್ಟುತ್ತಿದ್ದರು, ಅವರನ್ನು ನಾವು ಫುಲ್‌ಸ್ಟಾಪ್ ಎಂದೇ ಕರೆಯುತ್ತಿದ್ದೆವು. 'ವಾಕ್ಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕು' ಎನ್ನುತ್ತಿದ್ದರು. ಸಬ್ಜೆಕ್ಟು ಒಂದು ಕಾಲು, ಪ್ರೆಡಿಕೇಟು ಒಂದು ಕಾಲು. ಮಿಕ್ಕದ್ದು ಅಷ್ಟಾಗಿ ನೆನಪಿಲ್ಲ. ಟ್ರಾನ್ಸಿಟಿವ್ ಎಂದರೆ ಸಾರಿಗೆ ಇಲಾಖೆಗೆ ಸಂಬಂಧಪಟ್ಟದ್ದೆಂದು ಬಹಳ ದಿನ ನಂಬಿದ್ದೆ. ಆದರೆ ನನ್ನ ವಾಕ್ಯದಲ್ಲಿ ಹೆಂಗಸೂ ಇದ್ದಾಳೆ, ಅವಳು ಮಾಡಿದ ಕೆಲಸವೂ ಇದೆ. ಎರಡು ಕಾಲೂ ಕಾಣುತ್ತಿರುವಾಗ ಕುಂಟ ಎನ್ನುತ್ತೀಯಲ್ಲ, ನಿನ್ನ ಕಣ್ಣಿಗೇನಾಗಿದೆ?

ನಿನ್ನ ಭಾವ, ನಿನಗೆ ಇಷ್ಟವಿದ್ದರೂ ಇಲ್ಲದಿದ್ದರೂ


ಜೂನ್ ೯

ಭಾವನವರಿಗೆ,

ನಿಮ್ಮ ಎರಡೂ ಕಾಗದ ತಲುಪಿದವು. ಮೊದಲನೆಯದು ಅರ್ಧಕ್ಕೆ ನಿಂತಿತ್ತು, ಎರಡನೆಯದು ನಿಲ್ಲಲೇ ಇಲ್ಲ.

ಇಂಗ್ಲಿಷಿನಲ್ಲಿ ಯಾರ ವಿಷಯ ಎಂಬುದು ತಿಳಿಯಬೇಕು, ಅವರು ಏನು ಮಾಡಿದರು ಅಥವಾ ಏನಾಗಿದ್ದರು ಎಂಬುದು ತಿಳಿಯಬೇಕು. ಅಷ್ಟು ಹೇಳಿ ಮುಗಿಸಿದ ಮೇಲೆ ಕೇಳುವವನು 'ಹೂಂ, ಮುಂದೆ?' ಎನ್ನಬಾರದು. ಆಗ ಅದು ಪೂರ್ಣ. ನಿಮ್ಮ ತಗಡನ್ನು ಓದಿದ ರೋಗಿ ತನ್ನ ಟೋಕನ್ ಬರುವವರೆಗೂ 'ಮುಂದೆ?' ಎನ್ನುತ್ತಾ ಕೂರುತ್ತಾನೆ. ಯಾರನ್ನೂ ನಿಲ್ಲಲು ಬಿಡದ ಆ ಹೆಂಗಸು ಏನು ಮಾಡಿದಳು? ಹಾಡಿದಳೇ? ಓಡಿಹೋದಳೇ? 'ಲೆಟ್' ಎಂಬ ಕ್ರಿಯಾಪದ ಇದೆಯಲ್ಲ ಎಂದು ವಾದಿಸಬೇಡಿ. ಅದು 'ಹೂ' ಎಂಬುದರ ಮನೆಯಾಳು, 'ವುಮನ್' ಕೂಗಿದರೆ ಓಗೊಡುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಮುಂದೆ 'ಶಿ ವಾಸ್' ಎಂದು ಸೇರಿಸಿ. ಅವಳು ಯಾರನ್ನೂ ನಿಲ್ಲಲು ಬಿಡದ ಹೆಂಗಸಾಗಿದ್ದಳು. ಎರಡೇ ಪದ. ಸೇರಿಸಿ ಕಳಿಸಿದರೆ ಸಹಿ ಹಾಕುತ್ತೇನೆ.

ಲಿಫ್ಟ್ ರಿಪೇರಿಯವರಿಗೆ ನಾನು ಲಿಫ್ಟ್ ರಿಪೇರಿ ಹೇಳಿಕೊಡಲು ಹೋಗುವುದಿಲ್ಲ. ಅದೇ ಸೌಜನ್ಯವನ್ನು ನಿಮ್ಮಿಂದಲೂ ನಿರೀಕ್ಷಿಸುತ್ತೇನೆ.

ಇಂತಿ,
ನಿಮ್ಮ ಹೆಂಡತಿಯ ತಮ್ಮ


ಜೂನ್ ೧೪

ಮೇಷ್ಟ್ರೇ,

'ವಾಸ್' ಹಾಕುವುದಿಲ್ಲ. ಹಾಕುವುದಿಲ್ಲ ಎಂದರೆ ಹಾಕುವುದಿಲ್ಲ.

ಎರಡೇ ಪದವಂತೆ. ಕೊರಳಿಗೆ ಹಾಕುವ ಕುಣಿಕೆಯೂ ಒಂದೇ ಹಗ್ಗ. ನಮ್ಮ ಭಾಷೆ ಎಷ್ಟು ಮರ್ಯಾದಸ್ಥ ಭಾಷೆ ನೋಡು. 'ಅವಳು ನನ್ನ ಹೆಂಡತಿ.' ಮುಗಿಯಿತು. ಕೇಳಿದವನು ತಲೆ ಆಡಿಸಿ ಹೋಗುತ್ತಾನೆ. ಅವಳು ಅಡುಗೆಮನೆಯಲ್ಲಿ ಇದ್ದಾಳೋ, ಗೋಡೆಯ ಮೇಲೆ ಪಟವಾಗಿ ಇದ್ದಾಳೋ ಎಂದು ಯಾರೂ ವಿಚಾರಿಸುವುದಿಲ್ಲ. ನಿನ್ನ ಇಂಗ್ಲಿಷ್ ಹಾಗಲ್ಲ. ಗೇಟಿನಲ್ಲೇ ಒಬ್ಬ ಕಾವಲಿನವನನ್ನು ನಿಲ್ಲಿಸಿದೆ. 'ಈಸೋ? ವಾಸೋ?' ಚೀಟಿ ತೋರಿಸದೆ ಒಳಗೆ ಬಿಡುವುದಿಲ್ಲ. ಈಗಲೂ ಬೆಳಿಗ್ಗೆ ಎರಡು ಲೋಟ ತೆಗೆದಿಟ್ಟು ಆಮೇಲೆ ಒಂದನ್ನು ಒಳಗಿಡುತ್ತೇನೆ. ಆ ಎರಡನೆಯ ಲೋಟಕ್ಕೆ ಯಾವ ವರ್ಬು ಹಾಕಲಿ, ನೀನೇ ಹೇಳು.

ಹಾಗಂತ 'ಈಸ್' ಹಾಕಿ ಕಳಿಸಿದರೆ, 'ಅಸತ್ಯ' ಎಂದು ಹೊಡೆದುಹಾಕುತ್ತೀಯ. ಗೊತ್ತು ನನಗೆ. ನಿನ್ನ 'ಈಸ್' ಯಾವುದಕ್ಕೆ ಮೀಸಲು ಎಂಬುದನ್ನೂ ನೋಡಿದ್ದೇನೆ.

ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ, ಇವತ್ತು ಕೇಳಿಯೇಬಿಡುತ್ತೇನೆ. ಅವಳು ಹೋದ ದಿನ ನಿನಗೊಂದು ಕಾರ್ಡು ಹಾಕಿದೆ. ಕನ್ನಡದಲ್ಲಿ ಬರೆಯಲು ಕೈ ಏಳಲಿಲ್ಲ. ಇಂಗ್ಲಿಷಿನಲ್ಲಾದರೆ ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಇರುತ್ತದೆ ಎನ್ನಿಸಿತು. 'ಯುವರ್ ಸಿಸ್ಟರ್ ನೋ ಮೋರ್.' ಅಷ್ಟೇ ಬರೆದೆ. ನೀನು ಬರಲಿಲ್ಲ. ನಿನ್ನ ಬದಲು ಆ ಕಾರ್ಡೇ ವಾಪಸು ಬಂತು, ಲಕೋಟೆಯೊಳಗೆ, ಜೊತೆಗೊಂದು ಸಾಲಿಲ್ಲ. 'ಸಿಸ್ಟರ್' ಮತ್ತು 'ನೋ'ಗಳ ನಡುವೆ ಕೆಂಪು ಶಾಯಿಯಲ್ಲಿ ಒಂದು ಮೊಳೆ ಹೊಡೆದು, ಮೇಲೆ 'ಈಸ್' ಎಂದು ಸೇರಿಸಿದ್ದೆ. ಒಡಹುಟ್ಟಿದವಳ ಸಾವನ್ನು ತಿದ್ದಿ ಕಳಿಸಿದವನನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಕೈ ಜಜ್ಜಿಕೊಂಡವನನ್ನು ನೋಡಿ ಮೊದಲು ಗ್ರೀಸು ಒರೆಸು ಎಂದ ಫೋರ್‌ಮನ್ ಒಬ್ಬನಿದ್ದ, ಅವನೂ ಆಮೇಲೆ ಆಸ್ಪತ್ರೆಗೆ ಓಡಿಬಂದಿದ್ದ.

ಲೆಕ್ಕ ನೋಡು ನಿನ್ನ ಭಾಷೆಯದು. ಅವಳು ಸತ್ತದ್ದಕ್ಕೆ 'ಈಸ್', ಬದುಕಿದ್ದಕ್ಕೆ 'ವಾಸ್'. ನಿನ್ನ ವ್ಯಾಕರಣಕ್ಕಿಷ್ಟು ಬೆಂಕಿ ಹಾಕ.

ಇನ್ನೊಂದು ವಾಕ್ಯ ಇದರ ಜೊತೆ ಇಟ್ಟಿದ್ದೇನೆ. 'ಫಾರ್ ಆಲ್ ಹೂ ವೇಟ್.' ಕಾಯುವವರೆಲ್ಲರಿಗಾಗಿ. ತಿದ್ದುವುದಕ್ಕೆ ಮುಂಚೆ ಒಂದು ಸಲ ಓದು.

ನಿನ್ನ ಭಾವ


ಜೂನ್ ೨೦

ಭಾವನವರಿಗೆ,

'ಫಾರ್ ಆಲ್ ಹೂ ವೇಟ್' ಎಂಬುದು ಪಾರ್ಸೆಲ್ ಮೇಲಿನ ವಿಳಾಸ. ವಾಕ್ಯವಲ್ಲ.

ನಿಮ್ಮಿಂದ ಇದು ಆಗುವ ಕೆಲಸವಲ್ಲ ಎಂದು ಮನಗಂಡು, 'ಶಿ ಸರ್ವ್ಡ್ ದಿ ಸಿಕ್' ಎಂಬ ವಾಕ್ಯವನ್ನು ನಾನೇ ಬರೆದು, ಸಹಿ ಮಾಡಿ, ಆಫೀಸಿಗೆ ಕಳಿಸಿದ್ದೇನೆ. ಅವಳು ರೋಗಿಗಳ ಸೇವೆ ಮಾಡಿದಳು. ಕರ್ತೃ ಇದೆ, ಕ್ರಿಯೆ ಇದೆ, ಕರ್ಮವೂ ಇದೆ. ನಿಮಗೆ ಕಹಿಯಾದ 'ವಾಸ್' ಇಲ್ಲ. ಇನ್ನೇನು ಬೇಕು?

ಕಾರ್ಡಿನ ವಿಷಯಕ್ಕೆ ನಾನು ಉತ್ತರಿಸುವುದಿಲ್ಲ. ಅಕ್ಕ ಹೋದದ್ದನ್ನು ಅಂಚೆಯ ಮೂಲಕ ತಿಳಿಸಿದವರು ನೀವು. ಅದು ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ಮನೆಯಲ್ಲಿ ಟೆಲಿಫೋನ್ ಎಂಬ ವಸ್ತು ಇದೆ. ಅದನ್ನು ಕೊಳ್ಳಲು ಅಕ್ಕನೇ ಹಟ ಹಿಡಿದಿದ್ದಳೆಂದೂ ಬಲ್ಲೆ. ತಮ್ಮನಿಗೆ ಅಕ್ಕನ ಮುಖ ತೋರಿಸದವರು ಕೆಂಪು ಶಾಯಿಯ ಬಗ್ಗೆ ಮಾತಾಡಬಾರದು.

ಇಂತಿ,
ನಿಮ್ಮ ಹೆಂಡತಿಯ ತಮ್ಮ


ಜೂನ್ ೨೭

ಮೇಷ್ಟ್ರೇ,

ಹೆಡ್‌ಕ್ಲರ್ಕಿನ ಬಾಯಿಂದ ಸುದ್ದಿ ಕೇಳಿದವನು ನೇರ ಕೆತ್ತನೆಯವನ ಅಂಗಡಿಗೆ ಹೋದೆ. ಪ್ರಿಂಟಿಂಗ್ ಪ್ರೆಸ್ಸಿನ ಪಕ್ಕದ ಗೂಡು, ಒಬ್ಬನು ಒಳಗೆ ಹೋದರೆ ಇನ್ನೊಬ್ಬ ಹೊರಗೆ ಬರಬೇಕು. ಅವನು ಹಿತ್ತಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ನಿನ್ನ ಅಕ್ಷರಗಳನ್ನು ಬಿಡಿಸಿ, ಉಳಿ ಕೈಗೆತ್ತಿಕೊಳ್ಳುತ್ತಿದ್ದ. ತಗಡಿನ ಮೇಲೆ ಅಂಗೈ ಇಟ್ಟೆ.

"ಕೈ ತೆಗೀರಿ ಸಾರ್, ಉಳಿಗೆ ಕಣ್ಣಿಲ್ಲ."

"ಕೆತ್ತಬೇಡಿ. ಇದು ಅವಳಲ್ಲ."

"ಯಾವ ಬೋರ್ಡಲ್ಲೂ ಅವರು ಅವರಲ್ಲ ಸಾರ್. ಹೋದ ವಾರ ಒಬ್ಬರದ್ದು ಕೆತ್ತಿದೆ, ಶಾಂತಮೂರ್ತಿ ಅಂತ. ಅವರ ಬಾಯಿಗೆ ಹೆದರಿ ನಮ್ಮ ಬೀದಿ ನಾಯಿ ಮನೆ ಬದಲಾಯಿಸಿತ್ತು."

ನಗು ಬಂತು, ಆದರೂ ಕೈ ತೆಗೆಯಲಿಲ್ಲ. ಕೊನೆಗೆ ಅವನು ಪೆನ್ಸಿಲ್ಲಿನ ಅಕ್ಷರಗಳನ್ನು ಬಟ್ಟೆಯಿಂದ ಒರೆಸಿ, "ತಿಂಗಳು ಟೈಮ್ ಇದೆ, ನೀವೂ ನಿಮ್ಮವರೂ ಬಡಿದಾಡಿ ಮುಗಿಸ್ಕೊಂಡು ಬನ್ನಿ" ಎಂದ.

ಸೇವೆಯಂತೆ! ನಿನ್ನ ಅಕ್ಕ ನರ್ಸಲ್ಲ. ಯಾರ ಗಾಯವನ್ನೂ ತೊಳೆಯಲಿಲ್ಲ. ಟೋಕನ್ ಹರಿದು ಕೊಡುತ್ತಿದ್ದಳು, ಕೊಟ್ಟು, ಕೂತುಕೊಳ್ಳಿ ಎನ್ನುತ್ತಿದ್ದಳು. ಎಲ್ಲ ಭಾಷೆಯವರೂ ಬರುವ ಜಾಗ, ಅದಕ್ಕೆ ಎಲ್ಲರಿಗೂ ಒಂದೇ ಇಂಗ್ಲಿಷು. 'ಸಿಟ್ ಡೌನ್.' ಕೂಗಿದರೆ ನಾನು ಮೂರನೇ ಮಹಡಿಯಲ್ಲಿ ಲಿಫ್ಟಿನ ಹಗ್ಗಕ್ಕೆ ಎಣ್ಣೆ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದೆ. ದೊಡ್ಡ ಡಾಕ್ಟರೇ ಕೌಂಟರಿಗೆ ಬಂದು ನಿಂತರೂ ಸಿಟ್ ಡೌನ್. ನಿಂತವರನ್ನು ಮೇಲೆ ಕೆಳಗೆ ಸಾಗಿಸುವುದು ನನ್ನ ಕಸುಬು, ನಿಂತವರನ್ನು ಕೂರಿಸುವುದು ಅವಳದು. ಅಷ್ಟರ ಮೇಲೇ ನಮ್ಮ ಮದುವೆಯಾದದ್ದು, ನಿಮ್ಮ ಮನೆಯವರಿಗೆ ಲಿಫ್ಟಿನವನು ಇಳಿಸಲಾಗದ ತುತ್ತಾದರೂ.

ಅವಳ ಇಂಗ್ಲಿಷಿಗೆ ಕೊನೆಯ ಮೊಳೆ ಹೊಡೆದವನೂ ನೀನೇ. ಅವಳು ನಿವೃತ್ತಿಯಾದ ದಿನದ ಸಮಾರಂಭ ನೆನಪಿದೆಯೇ? ನೀನು ವೇದಿಕೆಯ ಮೇಲೆ ಅತಿಥಿ, ಕೊರಳಲ್ಲಿ ಹಾರ. ಅವಳು ಮೈಕಿನ ಮುಂದೆ ನಿಂತು, ಎಷ್ಟೋ ದಿನ ಕನ್ನಡಿಯೆದುರು ಅಭ್ಯಾಸ ಮಾಡಿದ್ದನ್ನು ಹೇಳಿದಳು: 'ಸೋ ಮೆನಿ ಪೀಪಲ್. ಸೋ ಮೆನಿ ಇಯರ್ಸ್.' ಎಷ್ಟೊಂದು ಜನ, ಎಷ್ಟೊಂದು ವರ್ಷ. ಮುಂದಿನ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಸಭೆಯೆಲ್ಲ ಕಾಯುತ್ತಿತ್ತು. ನೀನು ಕುರ್ಚಿಯಿಂದಲೇ, ಮೈಕಿಗೆ ಕೇಳುವ ಹಾಗೆ, "ವರ್ಬ್ ಎಲ್ಲಿ, ಅಕ್ಕಾ?" ಎಂದೆ. ಸಭೆ ಘೊಳ್ಳೆಂದಿತು. ಅವಳೂ ನಕ್ಕಳು. ನಾನು ನಗಲಿಲ್ಲ. ಸಂಜೆ ಮನೆಯಲ್ಲಿ ನಿನಗೆ ಹೇಳಬೇಕಾದದ್ದನ್ನು ಹೇಳಿದೆ, ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ನೀನು ಬೂಟು ಬಿಚ್ಚದೆ ಹೊಸ್ತಿಲ ಮೇಲೆ ನಿಂತಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಸಿಟ್ ಡೌನ್, ಮರಿ. ಇಬ್ರೂ ಸಿಟ್ ಡೌನ್" ಎಂದಳು. ಊರಿಗೆಲ್ಲ ಹೇಳಿ ಕೂರಿಸಿದವಳ ಮಾತನ್ನು ಮೀರಿ ನಿಂತೇ ಹೋದವನು ನೀನೊಬ್ಬನೇ. ಮತ್ತೆ ಬರಲಿಲ್ಲ.

ಟೆಲಿಫೋನಿನ ಮಾತೆತ್ತಿದ್ದೀಯ, ಕೇಳು. ಮಾಡಿದ್ದೆ. ಅವಳನ್ನು ಒಳಗೆ ಮಲಗಿಸಿದ್ದರು. ನೀನು ಹಲೋ ಎಂದೆ. 'ನಿನ್ನ ಅಕ್ಕ' ಎನ್ನುವಷ್ಟಕ್ಕೆ ಬಾಯಿ ತೆರೆದೆ, ಅದೂ ಹೊರಗೆ ಬರಲಿಲ್ಲ. "ಯಾರ್ರೀ ಅದು? ಬಾಯಿ ಇಲ್ವಾ? ಇಡ್ರೀ ಫೋನು!" ಎಂದು ನೀನೇ ಕುಕ್ಕಿದೆ. ಆಮೇಲೆ ಕಾರ್ಡು ಬರೆದೆ.

ಆ ಸಹಿಯನ್ನು ವಾಪಸು ತೆಗೆದುಕೋ. ಇಲ್ಲದಿದ್ದರೆ ಬೆಂಚೇ ಬೇಡ ಎಂದು ಬರೆದುಕೊಡುತ್ತೇನೆ.


ಜುಲೈ ೧೫

ಭಾವನವರಿಗೆ,

ತಡವಾಯಿತು. ಕಾರಣ ಬರೆಯುವುದಿಲ್ಲ. ಸಹಿಯನ್ನು ವಾಪಸು ತೆಗೆದುಕೊಂಡು ಆಫೀಸಿಗೆ ತಿಳಿಸಿದ್ದೇನೆ.

ಆ ದಿನದ ಮಾತಿಲ್ಲದ ಫೋನು ನೆನಪಿದೆ. ಯಾರೋ ಪೋಲಿ ಹುಡುಗರೆಂದುಕೊಂಡಿದ್ದೆ. ಅದು ಬಿಡಿ.

'ವರ್ಬ್ ಎಲ್ಲಿ' ಎಂಬುದು ನನ್ನ ಮಾತಲ್ಲ. ಅಕ್ಕನದು. ಅವಳನ್ನು ಏಳನೇ ಕ್ಲಾಸಿಗೆ ಬಿಡಿಸಿದರು, ನನ್ನನ್ನು ಓದಿಸಿದರು. ಸಂಜೆ ಒಂದೇ ಮೇಜಿನ ಆ ಕಡೆ ಅವಳು ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದಳು, ಈ ಕಡೆ ನಾನು ಇಂಗ್ಲಿಷ್ ವಾಕ್ಯ ಬರೆಯುತ್ತಿದ್ದೆ. ಬರೆದು ಅವಳ ಕಡೆ ತಳ್ಳಬೇಕು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ನಮ್ಮ ಮೇಷ್ಟ್ರು ಏನು ಕೇಳುತ್ತಾರೆಂದು ನನ್ನಿಂದಲೇ ಕೇಳಿ ಕಲಿತಿದ್ದಳು. ಹಾಳೆ ನೋಡದೆಯೇ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, "ವರ್ಬ್ ಎಲ್ಲಿ, ಮರಿ?" ಎನ್ನುತ್ತಿದ್ದಳು. ನಾನು ಹುಡುಕಿ, ಕೆಂಪಿನಲ್ಲಿ ಸೇರಿಸಿ, ಮತ್ತೆ ತಳ್ಳುತ್ತಿದ್ದೆ. ಆಗ ನಗುತ್ತಿದ್ದಳು. ವೇದಿಕೆಯ ಮೇಲೆ ಅವಳಿಗೆ ಮಾತು ನಿಂತುಹೋದಾಗ ಅವಳದ್ದನ್ನೇ ಅವಳಿಗೆ ಕೊಟ್ಟೆ. ಅವಳಿಗೆ ಅರ್ಥವಾಯಿತು, ನಕ್ಕಳು. ಸಭೆಯ ನಗು ಬೇರೆ. ನಿಮ್ಮ ಸಿಟ್ಟಂತೂ ಯಾವುದಕ್ಕೂ ಸಂಬಂಧಪಟ್ಟದ್ದಲ್ಲ. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಅವಳು ಇದನ್ನು ಹೇಳಿರಲಿಲ್ಲ ಎಂದರೆ, ಅದು ನಿಮಗೆ ಸೇರಿದ್ದಲ್ಲ ಎಂದೇ ಅರ್ಥ.

ನಿಮ್ಮ ಕಾರ್ಡು ಬಂದಾಗ ಕೈಯಲ್ಲಿ ಪರೀಕ್ಷೆಯ ಪೇಪರುಗಳಿದ್ದವು, ಕೆಂಪು ಪೆನ್ನಿತ್ತು. ಓದಿದೆ. ಆ ಪ್ರಶ್ನೆ ಕೇಳಿಸಿತು. ಸೇರಿಸಿದೆ. ಸೇರಿಸಿದ್ದನ್ನು ಯಾರ ಕಡೆಗೆ ತಳ್ಳಬೇಕೆಂದು ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು, ಅವಳು ಇಲ್ಲವೆಂಬುದೊಂದು ಗೊತ್ತಿರಲಿಲ್ಲ. ಅದನ್ನು ನಾನು ನಿಮಗೆ ಕಳಿಸಲಿಲ್ಲ. ಲಕೋಟೆಯನ್ನು ಎಸೆದಿರದಿದ್ದರೆ, ಮೇಲೆ ಯಾರ ಹೆಸರಿದೆ ನೋಡಿ. ಬೇರೆಯವರ ಕಾಗದ ಒಡೆದು ಓದುವ ಅಭ್ಯಾಸ ನಿಮ್ಮದು.

ನಾನು ನಿಮ್ಮೊಡನೆ ರಾಜಿಯಾದೆನೆಂದು ತಿಳಿಯಬೇಡಿ.

ಇಂತಿ,
ಅಕ್ಕನ ತಮ್ಮ


ಜುಲೈ ೨೨

ಮೇಷ್ಟ್ರೇ,

ಎಸೆದಿರಲಿಲ್ಲ. ಸ್ಪಾನರುಗಳ ಪೆಟ್ಟಿಗೆಯ ತಳದಲ್ಲಿತ್ತು, ಗ್ರೀಸು ಹತ್ತಿದೆ. ಅವಳ ಹೆಸರೇ. ನನ್ನ ಹೆಸರು 'ಕೇರಾಫ್' ಎಂದೂ ಇಲ್ಲ. ಬಂದ ದಿನ ವಿಳಾಸದ ಕಡೆ ನೋಡಲಿಲ್ಲ, ನಿನ್ನ ಅಕ್ಷರ ನೋಡಿದವನೇ ಹರಿದೆ. ಸತ್ತವಳಿಗೆ ಕಾಗದ ಹಾಕುವವನು ನನಗೆ ವ್ಯಾಕರಣ ಹೇಳಲು ಬರುತ್ತಾನೆ. ನಾನೂ ಹುಚ್ಚನೇ, ಆದರೆ ಎರಡು ಲೋಟ ತೆಗೆಯುವಷ್ಟು ಮಾತ್ರ.

ಅವಳು ನನಗೆ ಹೇಳಲಿಲ್ಲ ಎಂದು ಚುಚ್ಚಿದ್ದೀಯ. ಚುಚ್ಚಿತು. ಸರಿಯಾದ ಜಾಗಕ್ಕೇ. ಆ ಸಂಜೆ ನೀನು ಹೋದ ಮೇಲೆ, "ನಿಮಗೆ ಗೊತ್ತಾಗಲ್ಲ ಬಿಡಿ" ಎಂದಿದ್ದಳು. ನೀನೆಂಥ ದುಷ್ಟನೆಂದು ನನಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡಿದ್ದೆ. ಅದನ್ನು ಇನ್ನು ಯಾರ ಹತ್ತಿರ ಕೇಳಿ ತಿದ್ದಿಕೊಳ್ಳಲಿ?

ನಿನ್ನೆ ಬೆಂಚು ಬೇಡವೆಂದು ಬರೆದುಕೊಡಲು ಆಸ್ಪತ್ರೆಗೆ ಹೋದೆ. ಅವರು ಆಗಲೇ ಅದನ್ನು ಅಂಗಳದಲ್ಲಿ ತಂದು ಹಾಕಿದ್ದಾರೆ, ತಗಡಿನ ಜಾಗದಲ್ಲಿ ಬರೀ ನಾಲ್ಕು ತೂತು. ಒಬ್ಬಳು ಹೆಂಗಸು ಬಾತ ಕಾಲು ಇಟ್ಟುಕೊಂಡು ಅದರ ಪಕ್ಕದಲ್ಲೇ ನಿಂತಿದ್ದಳು. ಹೊಸ ಬಣ್ಣ, ಯಾರೋ ದೊಡ್ಡವರದ್ದಿರಬೇಕೆಂದು ಹೆದರಿಕೆ. ಹಿಂದೆಮುಂದೆ ನೋಡುತ್ತಿದ್ದಳು. ನಾನು ಅವಳನ್ನು ದಾಟಿಕೊಂಡು ಆಫೀಸಿನ ಕಡೆ ಹೊರಟವನು. ನನ್ನ ಬಾಯಿಂದ, ನನಗೇ ಗೊತ್ತಿಲ್ಲದೆ, ಕೌಂಟರಿನ ಗಂಟಲಿನಲ್ಲಿ, 'ಸಿಟ್ ಡೌನ್!' ಎಂದು ಬಂತು. ಆ ಹೆಂಗಸು ಬೆಚ್ಚಿ ಕೂತೇಬಿಟ್ಟಳು. ಕಿಟಕಿಯಲ್ಲಿ ಕಾಂಪೌಂಡರ್ ತಲೆ ಹೊರಗೆ ಹಾಕಿ ನೋಡಿದ, ಯಾರನ್ನು ಹುಡುಕುತ್ತಿದ್ದನೋ. ಕೂತವಳು ಕಾಲು ಚಾಚಿ 'ಉಸ್ಸಪ್ಪಾ' ಎಂದಳು. 'ಮುಂದೆ?' ಎಂದು ಕೇಳಲಿಲ್ಲ.

ನಾನು ಆಫೀಸಿಗೆ ಹೋಗದೆ ಮನೆಗೆ ಬಂದೆ.

ಫುಲ್‌ಸ್ಟಾಪ್ ಪ್ರೊಫೆಸರ್ ಇನ್ನೊಂದು ಹೇಳುತ್ತಿದ್ದರು, ಕಾಲೇಜು ಬಿಟ್ಟ ಮೇಲೆ ನಿನ್ನೆಯೇ ನೆನಪಾದದ್ದು. ಒಬ್ಬರಿಗೆ ಹೀಗೆ ಮಾಡು ಎಂದು ಹೇಳಿದರೆ ಅದೊಂದೇ ಪೂರ್ಣ ವಾಕ್ಯ, ಕಾಲು ಒಂದೇ ಕಂಡರೂ ಕುಂಟಲ್ಲ. ಸಬ್ಜೆಕ್ಟು ಪರದೆಯ ಹಿಂದೆ ನಿಂತಿರುತ್ತದೆ, ಅದರ ಹೆಸರು 'ಯೂ', ಅಂದರೆ ನೀನು. ನಾನು ತಪ್ಪು ನೆನಪಿಟ್ಟುಕೊಂಡಿದ್ದರೆ ತಿದ್ದು. ಆದರೆ ಈ ಸಲ ವರ್ಬ್ ಎಲ್ಲಿ ಎಂದು ನೀನೂ ಕೇಳಲಾರೆ, ನಿನ್ನ ಅಕ್ಕನೂ ಕೇಳಲಾರಳು. 'ಈಸ್' ಬೇಡ, 'ವಾಸ್' ಬೇಡ, ಗೇಟಿನವನಿಗೆ ಚೀಟಿ ತೋರಿಸಬೇಕಾಗಿಲ್ಲ. ಹೇಳುವವಳು ಎಲ್ಲಿದ್ದಾಳೆಂದು ಆ ಎರಡು ಪದ ಯಾರಿಗೂ ಹೇಳುವುದಿಲ್ಲ.

'ಸಿಟ್ ಡೌನ್.' ಕೆತ್ತನೆಯವನಿಗೆ ಇಷ್ಟೇ. ಚುಕ್ಕಿ ಮರೆಯಬಾರದೆಂದು ಹೇಳಿದ್ದೇನೆ. "ಇಷ್ಟಕ್ಕಾ ಸಾರ್ ಇಬ್ರೂ ಇಷ್ಟು ಬಡಿದಾಡಿದ್ದು?" ಎಂದು ಕೇಳಿದ.

ನಿನ್ನ ಸಹಿ ಬೇಕು. ಹಾಳೆ ಇದರ ಜೊತೆಗಿಲ್ಲ, ಬೇಕೆಂದೇ ಇಟ್ಟಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಅದನ್ನು ಹೆಡ್‌ಕ್ಲರ್ಕಿನ ಮೇಜಿನ ಮೇಲಿಟ್ಟು ಬಂದಿದ್ದೇನೆ, ಸಹಿ ಹಾಕಬೇಕಾದರೆ ನೀನೇ ಬರಬೇಕು. ತಿಂಗಳ ಕೊನೆಯೊಳಗೆ. ನನ್ನ ಜೊತೆ ಮಾತಾಡಬೇಕಾಗಿಲ್ಲ, ನನಗೂ ನಿನ್ನ ಜೊತೆ ಮಾತಾಡುವ ತೀಟೆಯಿಲ್ಲ. ರಾಜಿಯಂತೂ ನಾನೂ ಆಗಿಲ್ಲ. ಬೆಂಚು ಉದ್ದವಾಗಿದೆ, ಆ ಕೊನೆ ನಿನಗೆ, ಈ ಕೊನೆ ನನಗೆ. ಆದರೆ ಬೂಟು ಹಾಕಿಕೊಂಡು ನಿಂತೇ ಸಹಿ ಹಾಕಿ ಹೋಗುತ್ತೇನೆ ಎಂದರೆ ಆಗದು. ಪರದೆಯ ಹಿಂದೆ ನಿಂತವನು ಯಾರೆಂದು ನಿನಗೂ ಗೊತ್ತು, ನನಗೂ ಗೊತ್ತು. ಆವತ್ತು ಅವಳು ಇಬ್ಬರಿಗೂ ಹೇಳಿದ್ದಳು. ನೀನು ಹೋದ ಮೇಲೆ ನಾನೂ ಕೂರಲಿಲ್ಲ.

ಇನ್ನೂ ಏನೋ ಇತ್ತು ಬರೆಯುವುದು. ಅಯ್ಯೋ, ಬೆಳಕು ಇಳಿದೇಬಿಟ್ಟಿತಲ್ಲ, ಸಾಲಿನ ಮೇಲೆ ಸಾಲು ಹತ್ತುತ್ತಿದೆ, ಪೆನ್ನಿನ ತುದಿಯೂ ಕಾಣುತ್ತಿಲ್ಲ. ಎದ್ದು ದೀಪ ಹಾಕಬೇಕು. ಇರಲಿ, ಕೂತಿರುತ್ತೇನೆ.